ಅರ್ಧಕ್ಕಿಂತ ಕೆಳಗೆ

ಆ ಮಂಗಳವಾರ ಬೆಳಿಗ್ಗೆ ಏಳೂವರೆಗೆ ಗಾಳಿ ಬಿತ್ತು. ಕಪ್ಪತ್ತಗುಡ್ಡದ ಸಾಲಿನ ಗಾಳಿಯಂತ್ರಗಳು ಮೊದಲು ನಿಂತವು, ಆಮೇಲೆ ಬಯಲಿನವು. ಗದಗಿನ ‘ಬಳಗ’ ವಿದ್ಯುತ್ ಜಾಲದ ನಿಯಂತ್ರಣ ಕೋಣೆಯ ದೊಡ್ಡ ಪರದೆಯಲ್ಲಿ ಹಸಿರು ಚುಕ್ಕೆಗಳು ಒಂದೊಂದಾಗಿ ಬೂದಿ ಬಣ್ಣಕ್ಕೆ ತಿರುಗುವುದನ್ನು ಕಸ್ತೂರಿ ಹೊಂಬಳ ಚಹಾ ಕುಡಿಯುತ್ತ ನೋಡಿದಳು. ಆಕಾಶದ ತುಂಬ ಮಳೆ ತಾರದ ಮೋಡ ಕವಿದಿತ್ತು, ಸೌರಫಲಕಗಳೂ ಕುಂಟುತ್ತಿದ್ದವು. ಆದರೂ ಅವಳಿಗೆ ಗಾಬರಿಯಾಗಲಿಲ್ಲ. ಏಪ್ರಿಲ್ ಕೊನೆಯಲ್ಲಿ ಹೀಗೆ ನಾಲ್ಕಾರು ದಿನ ಎಲೆಯೂ ಅಲುಗದೆ ಸೆಕೆ ಕೂಡುವುದು ಪ್ರತಿವರ್ಷದ ಮಾತು. ಅಂಥ ದಿನಗಳಿಗೆಂದೇ ಬಳಗ ಹುಟ್ಟಿದ್ದು.

ಹತ್ತು ವರ್ಷಗಳ ಹಿಂದೆ ಗದಗಿನ ಸುತ್ತಿನ ಮೂರು ಜಿಲ್ಲೆಗಳಲ್ಲಿ ನೂರು ಗಾಡಿಗಳಲ್ಲಿ ಐದಾರು ಮಾತ್ರ ಬ್ಯಾಟರಿಯವು. ಈಗ ಪೆಟ್ರೋಲ್ ಗಾಡಿ ಕಂಡರೆ ಮಕ್ಕಳು ಹಿಂದೆ ಓಡುತ್ತಿದ್ದವು. ಒಟ್ಟು ಎರಡು ಲಕ್ಷ ತೊಂಬತ್ತು ಸಾವಿರ ಗಾಡಿಗಳು. ಓಣಿಗಳ ಮನೆಗಳಲ್ಲಿ ಗಾಡಿ ನಿಲ್ಲಿಸುವುದಕ್ಕೇ ಜಾಗವಿಲ್ಲ, ಚಾರ್ಜ್ ಮಾಡುವುದು ದೂರದ ಮಾತು. ಹಾಗಾಗಿ ಬಸ್ ನಿಲ್ದಾಣ, ಸಂತೆ ಮೈದಾನ, ಶಾಲೆ, ಆಸ್ಪತ್ರೆಗಳ ಮುಂದೆಲ್ಲ ಬಳಗದ ಚಾರ್ಜಿಂಗ್ ಕಂಬಗಳು ಎದ್ದಿದ್ದವು. ಜನ ಗಾಡಿ ತಂದು ಕೇಬಲ್ ಸಿಕ್ಕಿಸಿ ಹೋಗುತ್ತಿದ್ದರು. ಆ ಕೇಬಲ್ಲಿನಲ್ಲಿ ಕರೆಂಟು ಎರಡೂ ಕಡೆ ಹರಿಯುತ್ತಿತ್ತು. ಗಾಳಿ ಇದ್ದಾಗ ಕಂಬ ಗಾಡಿಗೆ ಕೊಡುತ್ತಿತ್ತು; ಗಾಳಿ ಬಿದ್ದಾಗ ಗಾಡಿಯಿಂದ ಸ್ವಲ್ಪ ಸ್ವಲ್ಪ ತೆಗೆದುಕೊಂಡು ಊರನ್ನು ನಡೆಸುತ್ತಿತ್ತು. ಗಾಳಿ ಎದ್ದ ಮೇಲೆ ಮರಳಿ ತುಂಬುತ್ತಿತ್ತು. ಒಂದೇ ನಿಯಮ: ಯಾವ ಗಾಡಿಯನ್ನೂ ಅರ್ಧಕ್ಕಿಂತ ಕೆಳಗೆ ಇಳಿಸುವಂತಿಲ್ಲ.

ಆ ನಿಯಮವನ್ನು ಬರೆದವಳು ಕಸ್ತೂರಿ. ಅದನ್ನು ಜನರಿಗೆ ಒಪ್ಪಿಸಿದವಳೂ ಅವಳೇ. ಎರಡು ವರ್ಷಗಳ ಹಿಂದೆ ಮುಳಗುಂದ ನಾಕಾದಲ್ಲಿ, ಟಂಟಂ ಎಂಬ ಮೂರು ಗಾಲಿಯ ಬಾಡಿಗೆ ಗಾಡಿಗಳ ಸ್ಟ್ಯಾಂಡಿನಲ್ಲಿ, ಒಂದು ಖುರ್ಚಿಯ ಮೇಲೆ ಹತ್ತಿ ನಿಂತು ಹೇಳಿದ್ದಳು. ಟಂಟಂ ಚಾಲಕರು ಮೊದಲು ನಂಬಲಿಲ್ಲ.

“ನಮ್ಮ ಗಾಡ್ಯಾಗಿನ ಕರೆಂಟ್ ನೀವು ತಗೊಂಡ್ರ ನಾವು ದಾರ್‍ಯಾಗ ಕುಂದರಬೇಕೇನು?” ಎಂದು ಒಬ್ಬ ಕೂಗಿದ್ದ.

“ಅರ್ಧಕ್ಕಿಂತ ಕೆಳಗ ಕಂಬ ಮುಟ್ಟೂದ ಇಲ್ರಿ. ನಾ ಮಾಡಿದ ಪ್ರೋಗ್ರಾಮ್ ಐತಿ ಅದು. ನಮ್ಮ ಅಕ್ಕನ ಗಾಡೀನೂ ಇದರಾಗ ಇರತೈತಿ,” ಎಂದಿದ್ದಳು ಕಸ್ತೂರಿ.

ಅವಳ ಅಕ್ಕ ಸಾವಕ್ಕ ಗುಂಪಿನ ನಡುವಿನಿಂದ ಎದ್ದು ಬಂದು, ಎಲ್ಲರಿಗಿಂತ ಮೊದಲು ಒಪ್ಪಿಗೆಯ ಹೆಬ್ಬೆಟ್ಟು ಒತ್ತಿದ್ದಳು. ಸಾವಕ್ಕ ಗದಗ–ಮುಳಗುಂದ ದಾರಿಯಲ್ಲಿ ಹದಿನೆಂಟು ವರ್ಷದಿಂದ ಟಂಟಂ ಓಡಿಸುತ್ತಿದ್ದವಳು. ತಂದೆ ತಾಯಿ ಹೋದ ಮೇಲೆ ಹನ್ನೆರಡು ವರ್ಷ ಚಿಕ್ಕವಳಾದ ಕಸ್ತೂರಿಯನ್ನು ಆ ಟಂಟಮ್ಮಿನ ದುಡಿಮೆಯ ಮೇಲೆಯೇ ಓದಿಸಿ ಇಂಜಿನಿಯರ್ ಮಾಡಿದ್ದಳು. ಸಾವಕ್ಕ ಒತ್ತಿದಳೆಂದು ಸ್ಟ್ಯಾಂಡಿನ ನೂರಾ ಹನ್ನೊಂದು ಮಂದಿ ಒತ್ತಿದರು. ಅದು ಸುದ್ದಿಯಾಗಿ ಬೇರೆ ಊರುಗಳ ಸ್ಟ್ಯಾಂಡುಗಳೂ ಒಳಗೆ ಬಂದವು.

“ಎಷ್ಟ ಇಳದದ ಕಸ್ತೂರಿ?” ಹಿಂದಿನಿಂದ ಇನಾಮದಾರ ಸರ್ ಧ್ವನಿ ಬಂತು.

ಪ್ರಹ್ಲಾದ ಇನಾಮದಾರರು ಬಳಗದ ಮುಖ್ಯ ಇಂಜಿನಿಯರ್. ಅದಕ್ಕೂ ಮೊದಲು ಕಾಲೇಜಿನಲ್ಲಿ ಕಸ್ತೂರಿಗೆ ಪಾಠ ಹೇಳಿದವರು. ಕನ್ನಡ ಶಾಲೆಯಿಂದ ಬಂದು ಮೊದಲ ವರ್ಷ ಎರಡು ವಿಷಯದಲ್ಲಿ ಫೇಲಾಗಿ ಅಳುತ್ತ ಕೂತವಳನ್ನು ಕರೆದು, ಪ್ರತಿ ರವಿವಾರ ತಮ್ಮ ಮನೆಯ ಪಡಸಾಲೆಯಲ್ಲಿ ಕೂರಿಸಿಕೊಂಡು ಕಲಿಸಿದವರು.

“ಎಲ್ಲಾ ಗಾಡಿ ಐವತ್ತರ ಮ್ಯಾಲೇ ಅದಾವ್ರಿ ಸರ್. ಮಧ್ಯಾಹ್ನಕ್ಕ ತೊಂದರಿ ಇಲ್ಲ.”

“ಭೇಷ್,” ಎಂದು ಅವರು ಅವಳ ಖುರ್ಚಿಯ ಬೆನ್ನು ತಟ್ಟಿ ತಮ್ಮ ಕೋಣೆಗೆ ಹೋದರು.

ಹತ್ತೂವರೆಗೆ ಸಾವಕ್ಕ ಮುಳಗುಂದದಲ್ಲಿ, ಬೆಳಗಿನಿಂದ ಸಿಕ್ಕಿಸಿಟ್ಟಿದ್ದ ಕಂಬದ ಕೇಬಲ್ ಕಿತ್ತು, ಗಾಡಿಯ ಮುಳ್ಳು ನೋಡಿದಳು. ಅದು ಮುಳ್ಳೇನೂ ಅಲ್ಲ, ಗಾಜಿನ ಮೇಲೆ ಹೊಳೆಯುವ ಅಂಕಿ. ಆದರೂ ಹಳೆಯ ರೂಢಿಯಿಂದ ಚಾಲಕರೆಲ್ಲ ಮುಳ್ಳು ಎಂದೇ ಅನ್ನುತ್ತಿದ್ದರು. ಅರವತ್ತನಾಲ್ಕು ತೋರಿಸುತ್ತಿತ್ತು. ಗದಗಿಗೆ ಹೋಗಿ ಬರಲು ಮೂವತ್ತು ಸಾಕು.

ಹಿಂದಿನ ಸೀಟಿನಲ್ಲಿ ಹುಸೇನಸಾಬ ನದಾಫ ಕೂತಿದ್ದರು, ಜೊತೆಗೆ ಅವರ ಹೆಂಡತಿ ಮಾಬೂಬಿ. ಹುಸೇನಸಾಬರು ನಲವತ್ತು ವರ್ಷ ಊರೂರಿಗೆ ಹೋಗಿ ಗಾದಿ ಹೊಲಿದವರು. ಈಗ ಎರಡೂ ಮೂತ್ರಪಿಂಡ ಕೈಕೊಟ್ಟು, ವಾರಕ್ಕೆ ಮೂರು ದಿನ ಗದಗಿಗೆ ಡಯಾಲಿಸಿಸ್‌ಗೆ ಹೋಗಬೇಕಾಗಿತ್ತು. ಮಂಗಳವಾರ, ಗುರುವಾರ, ಶನಿವಾರ ಸಾವಕ್ಕನ ಟಂಟಮ್ಮೇ ಕರೆದೊಯ್ಯುತ್ತಿತ್ತು. ಕಳೆದ ಶನಿವಾರ ಮೊಮ್ಮಗಳ ನಿಕಾಹ್ ಎಂದು ಅವರು ಒಂದು ಪಾಳಿ ತಪ್ಪಿಸಿದ್ದರು. ಇವತ್ತು ಮುಖ ಬಾತಿತ್ತು, ಉಸಿರು ಮೇಲೆ ಮೇಲೆ ಬರುತ್ತಿತ್ತು.

“ನಿಕಾದಾಗ ಕುಣಿದಿರೇನ ಅಜ್ಜಾರ?” ಎಂದಳು ಸಾವಕ್ಕ, ಅವರನ್ನು ನಗಿಸಲು.

“ಕುಣೀಲಿಲ್ಲವ್ವ. ಬಿರ್ಯಾನಿ ತಿಂದೆ. ಡಾಕ್ಟರಿಗೆ ಹೇಳಬ್ಯಾಡ,” ಎಂದರು ಹುಸೇನಸಾಬರು.

ಏಳು ಕಿಲೋಮೀಟರ್ ಹೋದ ಮೇಲೆ ಒಂದು ಏರು ಬರುತ್ತದೆ. ಏರಿನ ಅರ್ಧಕ್ಕೆ ಟಂಟಂ ಒಮ್ಮೆ ನಡುಗಿ ನಿಂತಿತು. ಮುಳ್ಳು ಅರವತ್ತೊಂದು ತೋರಿಸುತ್ತಿತ್ತು. ಸಾವಕ್ಕ ಕೀಲಿ ತಿರುಗಿಸಿ ಮತ್ತೆ ಹಾಕಿದಳು. ಗಾಜು ಹೊಳೆಯಿತು, ಅಂಕಿ ಬಂತು, ಮೋಟಾರ್ ಮಾತ್ರ ಮಿಸುಕಲಿಲ್ಲ. ಬಳಗದ ಸಹಾಯವಾಣಿಗೆ ಫೋನ್ ಮಾಡಿದಳು. ‘ನಿಮ್ಮ ಬ್ಯಾಟರಿಯಲ್ಲಿ ಸಾಕಷ್ಟು ಶಕ್ತಿ ಇದೆ, ಮೋಟಾರ್ ಬಿಸಿಯಾಗಿರಬಹುದು, ಇಪ್ಪತ್ತು ನಿಮಿಷ ತಣಿಯಲು ಬಿಡಿ’ ಎಂದು ಅಚ್ಚುಕಟ್ಟಾದ ಧ್ವನಿಯೊಂದು ಹೇಳಿತು.

ಇಪ್ಪತ್ತು ನಿಮಿಷ ಬಿಟ್ಟಳು. ಮತ್ತೆ ಇಪ್ಪತ್ತು. ಸುತ್ತ ಒಂದು ಗಿಡವೂ ಇಲ್ಲದ ಎರೆಹೊಲ, ಮೇಲೆ ಕವುಚಿದ ಬಾಣಲೆಯಂಥ ಮೋಡ. ಗಾಡಿಯ ಒಳಗೆ ಕೂರಲಾಗದೆ ಹುಸೇನಸಾಬರನ್ನು ಕೆಳಗಿಳಿಸಿ, ಗಾಡಿಯ ಪಕ್ಕದಲ್ಲಿ ಚಾದರ ಹಾಸಿ ಮಲಗಿಸಿದರು. ಅವರು ನೀರು ಕೇಳಿದರು. ಅವರು ಕುಡಿಯಬಹುದಾದ ನೀರಿಗೆ ಅಳತೆ ಇತ್ತು. ಮಾಬೂಬಿ ಸೆರಗು ತೋಯಿಸಿ ತುಟಿ ಒರೆಸಿದಳು. ದಾರಿಯಲ್ಲಿ ಬಂದ ಒಂದು ಕಾರಿಗೆ ಸಾವಕ್ಕ ಅಡ್ಡ ನಿಂತಳು. ಅದರೊಳಗೆ ಕೂರಿಸಿ ಒಂದು ಕಿಲೋಮೀಟರ್ ಹೋಗುವುದರಲ್ಲಿ ಆ ಕಾರೂ ನಿಂತಿತು. ಅದರ ಮುಳ್ಳು ಐವತ್ತೆಂಟರಲ್ಲಿತ್ತು.

ಕೊನೆಗೆ ಎರಡು ತಾಸಿನ ಮೇಲೆ ಕಲ್ಲು ಹೇರಿಕೊಂಡು ಬಂದ ಹಳೆಯ ಡೀಸೆಲ್ ಲಾರಿಯೊಂದು ಅವರನ್ನು ಆಸ್ಪತ್ರೆಗೆ ಮುಟ್ಟಿಸಿತು. ಆಸ್ಪತ್ರೆಯವರು ಕೂಡಲೇ ಯಂತ್ರಕ್ಕೆ ಹಾಕಿದರು. ಅಷ್ಟರಲ್ಲಿ ಹುಸೇನಸಾಬರ ಎದೆಬಡಿತ ದಾರಿ ತಪ್ಪಿತ್ತು. ಸಂಜೆ ನಾಲ್ಕು ಗಂಟೆಗೆ ತೀರಿಕೊಂಡರು.

ಶುಕ್ರವಾರ ಬಳಗದ ವರದಿ ಬಂತು. ಗಾಡಿಯ ಬ್ಯಾಟರಿ ಅರವತ್ತೊಂದರಲ್ಲಿತ್ತು. ಏರಿನಲ್ಲಿ ಚಾಲಕಿ ಅಜಾಗರೂಕತೆಯಿಂದ ಓಡಿಸಿದ್ದರಿಂದ ಮೋಟಾರ್ ಬಿಸಿಯಾಗಿ ನಿಂತಿದೆ ಎಂದಿತ್ತು ಅದರಲ್ಲಿ. ಸಾವಕ್ಕನ ಲೈಸೆನ್ಸನ್ನು ವಿಚಾರಣೆ ಮುಗಿಯುವವರೆಗೆ ತಡೆಹಿಡಿದರು.

ಬೆಟಗೇರಿಯ ಎರಡು ಕೋಣೆಯ ಮನೆಯಲ್ಲಿ ಸಾವಕ್ಕ ಆ ಕಾಗದವನ್ನು ತಂಗಿಯ ಮುಂದೆ ಇಟ್ಟಳು. ಕಸ್ತೂರಿ ಎರಡು ಸಲ ಓದಿದಳು.

“ಅಕ್ಕಾ, ಮೋಟಾರ್ ಬಿಸಿ ಆಗಿರಬೇಕು. ಸೆಕಿ ಹಂಗಿತ್ತು. ಇದರಾಗ ನಿನ್ನ ತಪ್ಪಂತ ನಾ ಅನ್ನಾಕತ್ತಿಲ್ಲ...”

“ಹಿಂದ ಮುದುಕ ಮುದುಕಿ ಇಬ್ಬರ. ಇಪ್ಪತ್ತರ ಸ್ಪೀಡ್‌ನ್ಯಾಗ ಹೊಂಟಿದ್ದೆ. ಮೋಟಾರ್ ಮುಟ್ಟಿ ನೋಡೀನಿ ನಾ, ಕೈ ಇಡುವಂಗ ಇತ್ತು.”

“ಮುಳ್ಳು ಅರವತ್ತೊಂದು ಇತ್ತಂತ ನೀನ ಹೇಳ್ತಿ. ಮತ್ತ ಬ್ಯಾಟರಿ ಅಂತೂ ಅಲ್ಲ.”

ಸಾವಕ್ಕ ತಂಗಿಯನ್ನು ದಿಟ್ಟಿಸಿದಳು. “ಕಸ್ತೂರಿ, ಹದಿನೆಂಟು ವರ್ಷ ಗಾಡಿ ಹೊಡದೀನಿ. ಬಿಸಿ ಆಗಿ ನಿಂತ ಗಾಡಿ ಬ್ಯಾರೆ, ಹೊಟ್ಟಿ ಖಾಲಿ ಆಗಿ ನಿಂತ ಗಾಡಿ ಬ್ಯಾರೆ. ಅದು ಹೊಟ್ಟಿ ಖಾಲಿ ಆಗಿ ನಿಂತೈತಿ. ಅವತ್ತ ಎಳಸಿಕೊಂಡು ಬಂದ ಗಾಡಿ ಹಂಗ ಹೊರಗ ಐತಿ. ಪರದೆ ನೋಡಬ್ಯಾಡ. ನೀನ ಅಳದು ನೋಡು.”

ಕಸ್ತೂರಿ ಅಕ್ಕನ ಸಮಾಧಾನಕ್ಕೆಂದು ಎದ್ದಳು. ಸೀಟು ಎತ್ತಿ, ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಮೀಟರಿನ ಎರಡು ಕಡ್ಡಿಗಳನ್ನು ತಾಮ್ರದ ಪಟ್ಟಿಗಳಿಗೆ ತಾಗಿಸಿದಳು. ಒಂದು ಕೋಶ ನೋಡಿದಳು, ಇನ್ನೊಂದು, ಮತ್ತೊಂದು. ಇಡೀ ಪೆಟ್ಟಿಗೆ ನೋಡಿ ಮುಗಿಸಿ ಮತ್ತೆ ಮೊದಲಿನಿಂದ ನೋಡಿದಳು. ಬ್ಯಾಟರಿಯಲ್ಲಿ ನೂರಕ್ಕೆ ಎರಡೂ ಉಳಿದಿರಲಿಲ್ಲ. ಮುಂದೆ ಗಾಜಿನ ಮೇಲೆ ಅರವತ್ತೊಂದು ಎಂಬ ಅಂಕಿ ಹಸಿರಾಗಿ ಹೊಳೆಯುತ್ತಲೇ ಇತ್ತು.

ಆ ಅಂಕಿ ಎಲ್ಲಿಂದ ಬರುತ್ತದೆಂದು ಅವಳಿಗೆ ಗೊತ್ತಿತ್ತು.

ಬ್ಯಾಟರಿಯೊಳಗೆ ಎಷ್ಟಿದೆ ಎಂದು ನೇರವಾಗಿ ಇಣುಕಿ ನೋಡಲು ಬರುವುದಿಲ್ಲ. ಲೆಕ್ಕ ಹಾಕಿ ಊಹಿಸಬೇಕು. ಹಳೆಯ ಬ್ಯಾಟರಿಗಳಲ್ಲಿ ಆ ಊಹೆ ನೆಗೆದಾಡುತ್ತಿತ್ತು. ಏರಿನಲ್ಲಿ ಅರವತ್ತು ಇದ್ದದ್ದು ನಲವತ್ತಾಗಿ, ಸಮತಟ್ಟಿಗೆ ಬಂದೊಡನೆ ಐವತ್ತೈದಾಗುತ್ತಿತ್ತು. ಚಾಲಕರು ಹೆದರಿ ನಡುದಾರಿಯಲ್ಲೇ ಪ್ರಯಾಣಿಕರನ್ನು ಇಳಿಸಿಬಿಡುತ್ತಿದ್ದರು. ಅವರ ಹೆದರಿಕೆ ನೋಡಲಾರದೆ ಕಸ್ತೂರಿ ‘ಸಮಾಧಾನ’ ಎಂಬ ಪ್ರೋಗ್ರಾಮ್ ಬರೆದಿದ್ದಳು. ಪ್ರತಿ ಸಲ ಕೇಬಲ್ ಸಿಕ್ಕಿಸಿದಾಗ ಕಂಬವೇ ಬ್ಯಾಟರಿಯನ್ನು ಅಳೆದು, ‘ನಿನ್ನಲ್ಲಿ ಇಷ್ಟಿದೆ’ ಎಂದು ಗಾಡಿಗೆ ಹೇಳುತ್ತಿತ್ತು. ಗಾಡಿ ಕಂಬದ ಮಾತನ್ನು ನಂಬಿ ಅದನ್ನೇ ತೋರಿಸುತ್ತಿತ್ತು. ಮುಳ್ಳಿನ ನೆಗೆದಾಟ ನಿಂತಿತು. ಚಾಲಕರು ಅವಳಿಗೆ ಶಾಲು ಹೊದಿಸಿ ಪೇಢಾ ತಿನ್ನಿಸಿದ್ದರು.

ಕಂಬ ಸುಳ್ಳು ಹೇಳಿದರೆ ಗಾಡಿಯೂ ಸುಳ್ಳು ಹೇಳುತ್ತದೆ ಎಂಬುದು ಅವಳಿಗೆ ಆಗ ಹೊಳೆದಿರಲಿಲ್ಲ. ಕಂಬ ಯಾಕೆ ಸುಳ್ಳು ಹೇಳೀತು?

ಶನಿವಾರ ಅವಳು ಬೇಗ ಕಚೇರಿಗೆ ಹೋಗಿ ಸಮಾಧಾನದ ಸಾಲುಗಳನ್ನು ಒಂದೊಂದಾಗಿ ಓದಿದಳು. ನಡುವೆ ನಾಲ್ಕು ಸಾಲು ಅವಳವಾಗಿರಲಿಲ್ಲ. ಗಾಳಿ ಬಿದ್ದ ದಿನ ಗಾಡಿಯಿಂದ ತೆಗೆದದ್ದರಲ್ಲಿ ಕಾಲುಭಾಗವನ್ನಷ್ಟೇ ಮುಳ್ಳಿನಲ್ಲಿ ತೋರಿಸಬೇಕು, ಉಳಿದದ್ದನ್ನು ಗಾಳಿ ಎದ್ದು ಮರಳಿ ತುಂಬುವವರೆಗೆ ತೋರಿಸಬಾರದು ಎಂದು ಆ ಸಾಲುಗಳು ಹೇಳುತ್ತಿದ್ದವು. ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂಬ ನಿಯಮ ಇದ್ದಲ್ಲೇ ಇತ್ತು. ಆದರೆ ನಿಯಮ ಪಾಲಿಸಲು ಕಂಬ ನೋಡುತ್ತಿದ್ದದ್ದು ಬ್ಯಾಟರಿಯನ್ನಲ್ಲ, ಅದೇ ಮುಳ್ಳನ್ನು. ಮುಳ್ಳು ಐವತ್ತರ ಮೇಲಿರುವವರೆಗೆ ಅದು ಹೀರುತ್ತಲೇ ಇರುತ್ತಿತ್ತು.

ಬದಲಾವಣೆಯಾಗಿ ಹನ್ನೊಂದು ತಿಂಗಳಾಗಿತ್ತು. ಅಲ್ಲಿಂದೀಚೆಗೆ ಇಪ್ಪತ್ತಮೂರು ದಿನ ಅದು ಕೆಲಸ ಮಾಡಿತ್ತು. ಬದಲಾವಣೆ ಮಾಡಿದವರ ಹೆಸರಿನ ಜಾಗದಲ್ಲಿ ‘ಕಸ್ತೂರಿ ಹೊಂಬಳ’ ಎಂದಿತ್ತು.

ಅವಳು ತಾರೀಖು ನೋಡಿದಳು. ಆ ವಾರ ಅವಳು ಕಾಮಾಲೆಯಾಗಿ ಮನೆಯಲ್ಲಿ ಮಲಗಿದ್ದಳು. ‘ಏನಾದರೂ ತುರ್ತು ಬಂದರೆ ಬೇಕಾಗುತ್ತದೆ’ ಎಂದು ತನ್ನ ಪಾಸ್‌ವರ್ಡನ್ನು ಒಬ್ಬರಿಗೆ ಮಾತ್ರ ಕೊಟ್ಟಿದ್ದಳು. ಅವರು ಅವತ್ತು ಎಳನೀರು, ದ್ರಾಕ್ಷಿ ಹಿಡಿದು ಮನೆಗೆ ಬಂದು, ಅವಳ ಹಾಸಿಗೆಯ ಪಕ್ಕ ಅರ್ಧ ತಾಸು ಕೂತು ಹೋಗಿದ್ದರು.

ಇನಾಮದಾರರು ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚುತ್ತಿದ್ದರು. ಕಸ್ತೂರಿ ಒಳಗೆ ಹೋಗಿ ನಾಲ್ಕು ಸಾಲು ಅಚ್ಚಾದ ಹಾಳೆಯನ್ನು ಡಬ್ಬಿಯ ಪಕ್ಕ ಇಟ್ಟಳು. ಅವರು ಕನ್ನಡಕ ಹಾಕಿಕೊಂಡು ಓದಿದರು, ಕನ್ನಡಕ ತೆಗೆದರು.

“ಕೂಡು,” ಎಂದರು.

“ನಿಂತ ಇರ್ತೀನ್ರಿ.”

“ಹೋದ ವರ್ಷ ಮೇ ತಿಂಗಳು ನೆನಪದ ಏನ? ಐದು ದಿವಸ ಗಾಳಿ ಇರಲಿಲ್ಲ. ನೀ ಹೇಳಿದ ಅರ್ಧದ ಲೆಕ್ಕದಾಗ ಮೂರನೇ ದಿವಸಕ್ಕ ಮೂರು ಜಿಲ್ಲಾ ಕತ್ತಲಾಗತಿದ್ವು. ನೀರಿನ ಪಂಪು, ಆಸ್ಪತ್ರಿ, ದಿನ ತುಂಬದ ಕೂಸುಗಳನ್ನ ಇಟ್ಟ ಪೆಟಗಿ, ಎಲ್ಲಾ. ನಾ ಏನ ಮಾಡಬೇಕಾಗಿತ್ತು?”

“ಜನರಿಗೆ ಹೇಳಬೇಕಾಗಿತ್ರಿ. ಇವತ್ತ ಜಾಸ್ತಿ ಬೇಕಾಗೇತಿ, ಕೊಡ್ರಿ ಅಂತ.”

“ಹೇಳಿದ್ರ ಎಲ್ಲಾರೂ ಕೇಬಲ್ ಕಿತಗೊಂಡು ಹೋಗತಿದ್ರು. ಒಂದ ತಾಸಿನಾಗ ಎಲ್ಲಾ ಬಿದ್ದುಬಿಡತಿತ್ತು. ಇಪ್ಪತ್ತಮೂರು ದಿವಸ ಈ ಊರು ನಡದದ ಕಸ್ತೂರಿ. ಒಂದ ದಿವಸ ಒಬ್ಬ ಮನುಷ್ಯಾ ಹೋದ. ನನಗೂ ಕೆಟ್ಟ ಅನಸ್ತದ. ಆದ್ರ ತಕ್ಕಡಿ ಹಿಡದು ನೋಡು.”

“ಅವರ ಹೆಸರು ಹುಸೇನಸಾಬ ಅಂತ್ರಿ,” ಎಂದಳು ಕಸ್ತೂರಿ. “ಮತ್ತ ನನ್ನ ಅಕ್ಕನ ಮ್ಯಾಲೆ ತಪ್ಪು ಹೊರಸಿದ ವರದಿ? ಅದಕ್ಕ ಸಹಿ ಮಾಡಿದವರೂ ನೀವ ಅಲ್ರಿ?”

ಇನಾಮದಾರರು ಹಾಳೆಯನ್ನು ಮಡಿಸಿ ಬದಿಗಿಟ್ಟರು.

“ನನ್ನ ಹೆಸರಲೇ ಯಾಕ ಮಾಡಿದ್ರಿ ಸರ್?”

ಅವರು ಡಬ್ಬಿಯ ಮುಚ್ಚಳ ಹಾಕಿದರು. ಪಾಠ ಹೇಳುವಾಗಿನ ಅದೇ ಮೆತ್ತನೆಯ ದನಿಯಲ್ಲಿ ಹೇಳಿದರು: “ಒಂದ ವೇಳೆ ಹೊರಗ ಬಂದ್ರ, ಸಣ್ಣ ಹುಡುಗಿ, ಲೆಕ್ಕ ತಪ್ಪ್ಯಾಳ ಅಂತ ನಿನ್ನ ಕ್ಷಮಿಸ್ತಾರ. ನನ್ನ ಕ್ಷಮಿಸೂದಿಲ್ಲ. ಮತ್ತ... ಟಂಟಂದವರು ನಿನ್ನ ಮಾತ ನಂಬತಾರ. ಅವರು ನನ್ನ ಎಂದೂ ನಂಬಿದ್ದಿಲ್ಲ.”

ರವಿವಾರದ ಪಡಸಾಲೆ, ಅವರ ಹೆಂಡತಿ ಬಡಿಸುತ್ತಿದ್ದ ಅವಲಕ್ಕಿ, ‘ತಪ್ಪಾದ್ರ ಅಳಿಸು, ಮತ್ತ ಬರಿ’ ಎಂದು ಪೆನ್ಸಿಲ್ ಕೈಗೆ ಕೊಡುತ್ತಿದ್ದ ಇದೇ ಕೈಗಳು. ಇಷ್ಟು ವರ್ಷ ಮಗಳಂತೆ ನೋಡಿಕೊಂಡದ್ದು ಸುಳ್ಳಿರಲಿಲ್ಲ ಎಂದು ಕಸ್ತೂರಿಗೆ ಅನ್ನಿಸಿತು. ಅದು ನಿಜವಾಗಿದ್ದೂ ಅವರು ಹೀಗೆ ಮಾಡಿದರಲ್ಲ ಎಂಬುದೇ ಅವಳಿಗೆ ತಡೆಯಲಾಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಅಳು ಬರಲಿಲ್ಲ.

ಸಂಜೆ ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದಳು. ಸಾವಕ್ಕ ರೊಟ್ಟಿ ಬಡಿಯುತ್ತಿದ್ದವಳು ಕೈ ತೊಳೆದುಕೊಂಡು ಬಂದು ಎದುರಿಗೆ ಕೂತು ಕೇಳಿದಳು.

“ಈಗ ಏನ ಮಾಡ್ತಿ?”

“ಆ ನಾಕು ಸಾಲು ತಗದು ಹಾಕತೀನಿ. ಎಲ್ಲಾ ಗಾಡಿ ಮುಳ್ಳೂ ಖರೇ ತೋರಸ್ತಾವು.”

“ಹಂಗಾರ ನಾಳೆ ಮುಂಜಾನಿ ಮಾಡು.”

ಕಸ್ತೂರಿ ತಲೆ ತಗ್ಗಿಸಿದಳು. “ನಾಳೆ ಆಗೂದಿಲ್ಲ ಅಕ್ಕಾ. ಗಾಳಿ ಇನ್ನೂ ಬಂದಿಲ್ಲ. ಖರೇ ಅಂಕಿ ನೋಡಿದ ಕೂಡಲೆ ಎಲ್ಲಾರೂ ಕೇಬಲ್ ಕೀಳತಾರ. ಊರಿಗೆ ಊರ ಬಂದ್ ಆಗತೈತಿ. ಆಸ್ಪತ್ರ್ಯಾಗ ಇದ್ದವರ ಗತಿ? ಗಾಳಿ ಏಳಲಿ. ಬುಧವಾರ ಏಳತೈತಿ ಅಂತ ಹವಾಮಾನದವರು ಹೇಳ್ಯಾರ.”

“ಬುಧವಾರದತನಾ?”

“ಮೂರ ದಿವಸ.”

“ಆ ಮೂರ ದಿವಸದಾಗ ಇನ್ನೊಬ್ಬರು ಯಾರರೆ ಏರಿನ ಮ್ಯಾಲೆ ನಿಂತ್ರ?”

ಕಸ್ತೂರಿ ಎದ್ದು ಹೋಗಿ ಒಲೆಯ ಉರಿ ಇಳಿಸಿದಳು.

“ಅಂದ್ರ, ಜನರಿಗೆ ಈಗ ಹೇಳೂದು ಬ್ಯಾಡ, ಹೇಳಿದ್ರ ಕೇಬಲ್ ಕೀಳತಾರ,” ಎಂದು ಸಾವಕ್ಕ ಒಂದೊಂದೇ ಮಾತು ತೂಗಿದಂತೆ ಹೇಳಿದಳು. “ಇದನ್ನ ಅಲ್ಲೇನು ನಿಮ್ಮ ಸರೂ ಹೇಳಿದ್ದು?”

“ಅಕ್ಕಾ, ಹಂಗಲ್ಲ...”

“ಹಂಗ ಐತಿ.” ಸಾವಕ್ಕ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ನಡೆದಳು.

ಅವಳು ನೇರ ಸ್ಟ್ಯಾಂಡಿಗೆ ಹೋಗಿ ಎಲ್ಲರಿಗೂ ಹೇಳಿದಳು. ಐದಾರು ಮಂದಿ ಮಾತ್ರ ನಂಬಿದರು. ಉಳಿದವರು ಅವಳ ಮುಖ ನೋಡಿದರು, ಗಾಡಿಯ ಮುಳ್ಳು ನೋಡಿದರು. ‘ಸತ್ತವನ ಪಾಪ ಕಳಕೊಳ್ಳಾಕ ಕಂಬಕ್ಕ ಹೆಸರು ಇಡಾಕತ್ತಾಳ’ ಎಂದು ಒಬ್ಬ ಹಿಂದಿನಿಂದ ಅಂದದ್ದು ಅವಳ ಕಿವಿಗೆ ಬಿತ್ತು. ಎರಡು ವರ್ಷಗಳ ಹಿಂದೆ ಅವಳ ಮಾತಿಗೆ ಹೆಬ್ಬೆಟ್ಟು ಒತ್ತಿದವರೇ ಅವರು. ತಿರುಗಿ ಬಂದಳು. ಆ ಮೂರು ದಿನ ಅಕ್ಕತಂಗಿಯರು ಒಂದೇ ಒಲೆಯ ಅಡಿಗೆ ಉಂಡರು, ಮಾತಾಡಲಿಲ್ಲ.

ಕಚೇರಿಯಲ್ಲಿ ಇನಾಮದಾರರು ಏನೂ ಆಗಿಲ್ಲವೆಂಬಂತೆ ಬಂದು ಹೋಗುತ್ತಿದ್ದರು. ಅವಳು ವಿಷಯ ಬಯಲು ಮಾಡಲಾರಳೆಂದು ಅವರಿಗೆ ಖಾತ್ರಿಯಿತ್ತೋ, ಮಾಡಿದರೆ ಮಾಡಲಿ ಎಂದಿದ್ದರೋ ತಿಳಿಯಲಿಲ್ಲ. ಕಸ್ತೂರಿ ಪರದೆಯ ಮುಂದೆ ಕೂತು, ಗಾಡಿ ನಿಂತಿತೆಂದು ಸಹಾಯವಾಣಿಗೆ ಬಂದ ಒಂದೊಂದು ಕರೆಯನ್ನೂ ತಾನೇ ಎತ್ತಿಕೊಂಡಳು. ರವಿವಾರ ಒಂಬತ್ತು, ಸೋಮವಾರ ಹದಿನೇಳು, ಮಂಗಳವಾರ ಇಪ್ಪತ್ತೊಂಬತ್ತು. ಮೋಟಾರ್ ಬಿಸಿಯಾಗಿದೆ ಎಂದು ಅವಳು ಯಾರಿಗೂ ಹೇಳಲಿಲ್ಲ. ‘ಬ್ಯಾಟರಿ ಖಾಲಿ ಆಗೇತ್ರಿ, ಗಾಡಿ ಕಳಸ್ತೀನಿ’ ಎಂದು ಹೇಳಿ ಕಳಿಸಿದಳು. ಅದೃಷ್ಟಕ್ಕೆ ಅವರಲ್ಲಿ ಯಾರೂ ಸಾಯಲಿಲ್ಲ.

ಬುಧವಾರ ಬೆಳಿಗ್ಗೆ ಆರೂವರೆಗೆ ಪಶ್ಚಿಮದಿಂದ ಗಾಳಿ ಎದ್ದಿತು. ಒಂಬತ್ತರ ಹೊತ್ತಿಗೆ ಪರದೆಯ ತುಂಬ ಹಸಿರು. ಕಂಬಗಳು ಗಾಡಿಗಳಿಗೆ ಮರಳಿ ತುಂಬಲು ಶುರುಮಾಡಿದವು. ಇನ್ನು ನಾಲ್ಕು ತಾಸು ಬಿಟ್ಟರೆ ಬ್ಯಾಟರಿಗಳು ನಿಜಕ್ಕೂ ತುಂಬಿ, ಮುಳ್ಳೂ ಬ್ಯಾಟರಿಯೂ ಒಂದಾಗಿ, ಯಾವ ಗುರುತೂ ಉಳಿಯುತ್ತಿರಲಿಲ್ಲ. ಕಸ್ತೂರಿ ನಾಲ್ಕು ಸಾಲು ಅಳಿಸಿದಳು. ಅಳಿಸಿದ ಕಾರಣವನ್ನು ಬರೆಯುವ ಜಾಗದಲ್ಲಿ ನಡೆದದ್ದನ್ನೆಲ್ಲ ಬರೆದು, ಅದೇ ಬರಹವನ್ನು ಬಳಗದ ಪ್ರತಿಯೊಬ್ಬ ಸದಸ್ಯರ ಫೋನಿಗೂ ಕಳಿಸಿದಳು.

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಮೂರು ಜಿಲ್ಲೆಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಗಾಡಿಗಳ ಮುಳ್ಳು ಒಟ್ಟಿಗೆ ಬಿದ್ದವು. ಎಪ್ಪತ್ತು ಇದ್ದದ್ದು ಇಪ್ಪತ್ತೆರಡು, ಐವತ್ತೈದು ಇದ್ದದ್ದು ಒಂಬತ್ತು. ಲಕ್ಷ್ಮೇಶ್ವರದ ಶಾಲೆಯೊಂದರ ಬಸ್ಸು ಮಕ್ಕಳನ್ನು ಹತ್ತಿಸಿಕೊಂಡು ಹೊರಡುವುದರಲ್ಲಿತ್ತು. ಚಾಲಕ ಆರು ಎಂಬ ಅಂಕಿ ನೋಡಿ ಕೆಳಗಿಳಿದು, ಚಕ್ರಕ್ಕೆ ಒರಗಿ ಕೂತುಬಿಟ್ಟನಂತೆ. ಜನ ಕೇಬಲ್ ಕಿತ್ತರು. ಕೆಲವರು ಕಂಬಗಳ ಗಾಜು ಒಡೆದರು. ಮುಳಗುಂದ ನಾಕಾದಲ್ಲಿ ಚಾಲಕರು ಗಾಡಿಗಳನ್ನು ರಸ್ತೆಗೆ ಅಡ್ಡ ನಿಲ್ಲಿಸಿದರು. ಗಾಳಿ ಬೀಸುತ್ತಿದ್ದುದರಿಂದ ಊರು ಕತ್ತಲಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಇನಾಮದಾರರು ಹೇಳಿಕೆ ಕೊಟ್ಟರು. ಕಿರಿಯ ಇಂಜಿನಿಯರ್ ಒಬ್ಬರು ಹನ್ನೊಂದು ತಿಂಗಳ ಹಿಂದೆ ಮೇಲಧಿಕಾರಿಗಳ ಗಮನಕ್ಕೆ ತಾರದೆ ಮಾಡಿದ ಬದಲಾವಣೆಯಿಂದ ಹೀಗಾಗಿದೆ, ತಪ್ಪನ್ನು ಅವರೇ ಒಪ್ಪಿ ಸರಿಪಡಿಸಿದ್ದಾರೆ, ಸಂಸ್ಥೆ ಅವರ ಮೇಲೆ ಕನಿಕರದಿಂದ ನಡೆದುಕೊಳ್ಳಲಿದೆ. ಕಾಮಾಲೆಯ ರಜೆಯ ಕಾಗದ, ಪಾಸ್‌ವರ್ಡ್ ಕೊಟ್ಟ ಸಂಗತಿ ಎಲ್ಲವನ್ನೂ ಕಸ್ತೂರಿ ವಿಚಾರಣೆಯಲ್ಲಿ ಹೇಳಿದಳು. ಪಾಸ್‌ವರ್ಡ್ ಬೇರೆಯವರಿಗೆ ಕೊಟ್ಟದ್ದೇ ಮೊದಲ ತಪ್ಪು ಎಂದು ವಿಚಾರಣೆಯವರು ಬರೆದುಕೊಂಡರು. ಅವಳ ಕೆಲಸ ಹೋಯಿತು. ಸಾವಕ್ಕನ ಲೈಸೆನ್ಸ್ ಮರಳಿ ಬಂತು. ಇನಾಮದಾರರನ್ನು ಎರಡು ತಿಂಗಳ ಮೇಲೆ ಇಂಥದೇ ಹೊಸ ಜಾಲ ಕಟ್ಟಲು ಬೇರೆ ಪ್ರಾಂತ್ಯಕ್ಕೆ ಕರೆಸಿಕೊಂಡರು. ಹೋಗುವ ಮೊದಲು ಅವರು ಕಸ್ತೂರಿಗೆ ಒಮ್ಮೆ ಫೋನ್ ಮಾಡಿದರು. ಅವಳು ಎತ್ತಲಿಲ್ಲ.

ಸ್ಟ್ಯಾಂಡಿನಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಅವಳು ಆ ಕಡೆ ಹೋದರೆ ಮಾತು ನಿಲ್ಲಿಸುತ್ತಿದ್ದರು, ಅಷ್ಟೇ.

ಲೈಸೆನ್ಸ್ ಬಂದ ಮರುದಿನ ಸಾವಕ್ಕ ಕೀಲಿ ಹಿಡಿದು ಬಾಗಿಲಲ್ಲಿ ನಿಂತು, “ನಡಿ,” ಎಂದಳು.

“ಎಲ್ಲಿಗೆ?”

“ಮುಳಗುಂದಕ್ಕ. ಮಾಬೂಬಿ ಅಮ್ಮಾರಿಗೆ ಯಾರೂ ಸರಿಯಾಗಿ ಹೇಳಿಲ್ಲ. ಫೋನ್‌ನ್ಯಾಗ ಬಂದದ್ದು ಆಕಿಗೆ ಓದಾಕ ಬರೂದಿಲ್ಲ. ನಾ ಹೇಳಾಂಗಿಲ್ಲ. ನೀ ಹೇಳಬೇಕು.”

ಮಾಬೂಬಿಯ ಮನೆಯ ಮುಂದಿನ ಕಟ್ಟೆಯ ಮೇಲೆ ಅರಳೆಯ ಮೂಟೆಯೊಂದು ಹಾಗೇ ಇತ್ತು. ಆಕೆ ಇಬ್ಬರಿಗೂ ಚಾಪೆ ಹಾಸಿ, ತಾನು ಹೊಸ್ತಿಲ ಮೇಲೆ ಕೂತಳು. ಕಸ್ತೂರಿ ಹೇಳಿದಳು. ಕಂಬ ಏನು ಮಾಡುತ್ತದೆ, ಮುಳ್ಳು ಯಾಕೆ ಸುಳ್ಳು ಹೇಳಿತು, ಅದನ್ನು ಮಾಡಿದವರು ಯಾರು, ಅದಕ್ಕೆ ದಾರಿ ಮಾಡಿಕೊಟ್ಟವಳು ಯಾರು. ಗೊತ್ತಾದ ಮೇಲೂ ಮೂರು ದಿನ ಸುಮ್ಮನಿದ್ದದ್ದನ್ನೂ ಮುಚ್ಚಿಡಲಿಲ್ಲ. ಮಾಬೂಬಿ ಅರಳೆಯ ಮೂಟೆಯ ಕಡೆ ನೋಡುತ್ತ ಕೇಳಿದಳು.

“ನನಗ ಒಂದ ತಿಳಿವಲ್ದವ್ವ,” ಎಂದಳು ಕೊನೆಗೆ. “ಅವತ್ತ ಆ ಗಾಡ್ಯಾಗಿನ ಕರೆಂಟ್ ತಗೊಂಡ್ರಲ್ಲ, ಅದು ಎಲ್ಲಿಗೆ ಹೋತು?”

“ಎಲ್ಲಾ ಕಡೆ ಹೋತ್ರಿ ಅಮ್ಮಾ. ತಂತಿ ಒಳಗ ಕೂಡಿದ ಮ್ಯಾಲೆ ಇದು ಇವರದು, ಅದು ಅವರದು ಅಂತ ಇರೂದಿಲ್ಲ. ಮನಿಗಳಿಗೆ, ಅಂಗಡಿಗಳಿಗೆ, ದವಾಖಾನಿಗೆ...” ಕಸ್ತೂರಿ ತಡೆದಳು. “ನಾ ಕುಂತ ಕೋಣಿಗೂ ಬಂದಿರತೈತ್ರಿ.”

“ನೀ ಕುಂತಲ್ಲಿ ತಂಪಿತ್ತೇನವ್ವ?”

ಪಕ್ಕದಲ್ಲಿ ಸಾವಕ್ಕ ನೆಲ ನೋಡುತ್ತಿದ್ದಳು.

“ತಂಪಿತ್ರಿ,” ಎಂದಳು ಕಸ್ತೂರಿ.

ಮಾಬೂಬಿ ತಲೆಯಾಡಿಸಿದಳು. ಗೋಡೆಗೆ ಕೈ ಊರಿ ನಿಧಾನ ಎದ್ದು ಒಳಗೆ ಹೋದಳು. ಆಕೆ ನೀರು ತರಲು ಹೋಗಿರಬೇಕೆಂದು ಇಬ್ಬರೂ ಕಾದರು. ಒಳಗಿನಿಂದ ಸಪ್ಪಳವೇ ಬರಲಿಲ್ಲ. ಬಾಗಿಲು ತೆರೆದೇ ಇತ್ತು. ಬಹಳ ಹೊತ್ತಿನ ಮೇಲೆ ಸಾವಕ್ಕ ತಂಗಿಯ ಭುಜ ಮುಟ್ಟಿ, “ಏಳು, ಹೋಗೂಣು,” ಎಂದಳು.